ಬಣ್ಣ ಕೆಡದಂತೆ ಕಾರಿನ ಷೋರೂಂ ಲಾಂಛನ ತೆಗೆಯುವ ಬಗೆ

ಹೊಸ ಕಾರಿನ ಡಿಕ್ಕಿಯ ಮೇಲೆ ತಯಾರಕರ ಲಾಂಛನದ ಜೊತೆಗೆ ಮಾರಾಟಗಾರರ ಹೆಸರಿನ ಪಟ್ಟಿಯೂ ಅಂಟಿಕೊಂಡೇ ಬರುವುದುಂಟು. ಹಳೆಯ ಕಾರು ಕೊಂಡವರಿಗೆ ಹಿಂದಿನ ಮಾಲೀಕರ ಸ್ಟಿಕ್ಕರ್‌ಗಳೂ ಬಳುವಳಿ. ಇವನ್ನು ಮನೆಯಲ್ಲೇ ತೆಗೆಯಬಹುದು. ಆದರೆ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಭಾಗದಲ್ಲಿ ಬಣ್ಣಕ್ಕೆ ಅಂಟಿಗಿಂತ ದೊಡ್ಡ ವೈರಿ ದೂಳು.

ಸುಣ್ಣದಕಲ್ಲಿನ ಈ ನೆಲದಲ್ಲಿ ಸಿಮೆಂಟ್ ಕಾರ್ಖಾನೆಗಳೂ ಶಹಾಬಾದ್ ಕಲ್ಲಿನ ಗಣಿಗಳೂ ಇವೆ. ರಸ್ತೆಯ ಮಣ್ಣಿನೊಡನೆ ಕಲ್ಲಿನ ಪುಡಿ, ಸಿಮೆಂಟ್ ಕಣಗಳು ಬೆರೆತು ವಾಹನದ ಮೇಲೆ ಕೂರುತ್ತವೆ. ಸಿಮೆಂಟ್ ತೇವ ತಾಗಿದರೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಕ್ಷಾರಗುಣವಿರುವುದರಿಂದ ಹೊಳಪನ್ನೂ ಕೆಡಿಸುತ್ತದೆ. ಲಾಂಛನದ ಅಂಚಿನಲ್ಲಿ ಇದು ವರ್ಷಗಟ್ಟಲೆ ಸೇರಿಕೊಂಡಿರುತ್ತದೆ. ಬಣ್ಣವನ್ನು ಕಾಯುವ ಪಾರದರ್ಶಕ ಮೇಲ್ಪದರವಾದರೋ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ಮಾತ್ರ, ತಲೆಗೂದಲಿಗಿಂತಲೂ ತೆಳು. ಒಣಬಟ್ಟೆಯಿಂದ ಒಮ್ಮೆ ತಿಕ್ಕಿದರೂ ಗೆರೆ ಬೀಳುತ್ತದೆ.

ಆದ್ದರಿಂದ ಮೊದಲು ಧಾರಾಳವಾಗಿ ನೀರು ಹರಿಸಬೇಕು. ಬಳಿಕ ಶಾಂಪೂ ನೀರಿನಿಂದ ತೊಳೆದು, ಅಂಚಿನ ಸಂದುಗಳನ್ನು ಮೃದುವಾದ ಬ್ರಷ್‌ನಿಂದ ಶುಚಿಗೊಳಿಸಬೇಕು. ಕಚ್ಚಿಕೊಂಡ ಸಿಮೆಂಟ್ ಚುಕ್ಕಿಗಳ ಮೇಲೆ, ನೀರು ಬೆರೆಸಿದ ಬಿಳಿ ವಿನೆಗರ್‌ನಲ್ಲಿ ನೆನೆಸಿದ ಬಟ್ಟೆಯನ್ನು ಕೆಲ ನಿಮಿಷ ಇರಿಸಿ ತೊಳೆಯಬೇಕು. ಕೆರೆಯಬಾರದು.

ಅನಂತರ ಶಾಖ ಕೊಡಬೇಕು. ಕೂದಲು ಒಣಗಿಸುವ ಡ್ರೈಯರನ್ನು ಗೇಣು ದೂರದಿಂದ ಒಂದೆರಡು ನಿಮಿಷ ಆಡಿಸಿದರೆ ಅಂಟು ಸಡಿಲಗೊಳ್ಳುತ್ತದೆ. ಕೈ ತಡೆಯುವಷ್ಟು ಬಿಸಿ ಸಾಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಊರುಗಳಲ್ಲಿ ಬೆಳಗಿನ ಬಿಸಿಲೇ ಡ್ರೈಯರ್‌ನ ಕೆಲಸ ಮಾಡೀತು. ನಡು ಮಧ್ಯಾಹ್ನ ಮಾತ್ರ ಬೇಡ; ಸುಡುವ ತಗಡಿನ ಮೇಲೆ ಸೋಪು ನೀರು ಒಣಗಿ ಕಲೆ ಉಳಿಯುತ್ತದೆ.

ಲಾಂಛನದ ಹಿಂದೆ ಮೀನಿನ ಗಾಳದ ನೈಲಾನ್ ದಾರವನ್ನು ತೂರಿಸಿ, ಗರಗಸದಂತೆ ಅತ್ತಿತ್ತ ಎಳೆದರೆ ಅದು ಕಳಚಿಕೊಳ್ಳುತ್ತದೆ. ಸ್ಟಿಕ್ಕರನ್ನು ಒಂದು ಮೂಲೆಯಿಂದ ಎತ್ತಿ, ಮೇಲಕ್ಕೆ ಕೀಳದೆ, ಹಿಂದಕ್ಕೆ ಮಡಿಸಿಕೊಂಡು ನಿಧಾನವಾಗಿ ಎಳೆಯಬೇಕು. ಬ್ಲೇಡು, ಸ್ಕ್ರೂಡ್ರೈವರ್ ಹತ್ತಿರ ಸುಳಿಯಬಾರದು. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟು, ಮೆತ್ತನೆಯ ಬಟ್ಟೆಯಿಂದ ಒರೆಸಿ ತೊಳೆದರಾಯಿತು. ಥಿನ್ನರ್ ಬಳಸಿದರೆ, ಅದರಲ್ಲೂ ಪ್ಲಾಸ್ಟಿಕ್ ಬಂಪರಿನ ಮೇಲೆ, ಬಣ್ಣವೇ ಕರಗೀತು.

ಕೆಲವು ಲಾಂಛನಗಳಿಗೆ ಹಿಂಬದಿಯಲ್ಲಿ ಮೊಳೆಯಂತಹ ಕಡ್ಡಿಗಳಿದ್ದು, ತಗಡಿನ ರಂಧ್ರಗಳಲ್ಲಿ ಕೂತಿರುತ್ತವೆ. ತೆಗೆದರೆ ಮಳೆನೀರು ಒಳಸೇರಿ ತುಕ್ಕು ಹಿಡಿಯುತ್ತದೆ. ಡಿಕ್ಕಿಯ ಒಳಗಿನಿಂದ ನೋಡಿಯೇ ಕೈಹಾಕುವುದು ಲೇಸು. ಅಪಘಾತದ ನಂತರ ಮರುಬಣ್ಣ ಹೊಡೆದ ಭಾಗದಲ್ಲಿ ಸ್ಟಿಕ್ಕರ್ ಜೊತೆಗೆ ಬಣ್ಣವೂ ಎದ್ದು ಬರುವ ಅಪಾಯವಿದೆ. ಇನ್ನು, ಲಾಂಛನದ ಅಡಿಯ ಬಣ್ಣ ಹೊಸದಾಗಿಯೇ ಉಳಿದು ಸುತ್ತಲಿನದು ಬಿಸಿಲಿಗೆ ಮಾಸಿರುತ್ತದೆ. ಪಾಲಿಷ್‌ನಿಂದ ಈ ಗುರುತು ತಗ್ಗಬಹುದು, ಪೂರ್ತಿ ಅಳಿಯದು. ಹತ್ತು ವರ್ಷ ದಾಟಿದ ಕೆಂಪು ಕಾರಾದರೆ ಲಾಂಛನವನ್ನು ಹಾಗೆಯೇ ಬಿಡುವುದೇ ಜಾಣತನ.

ಎಲ್ಲ ಸ್ಟಿಕ್ಕರ್‌ಗಳೂ ತೆಗೆಯುವಂಥವಲ್ಲ. 2019ರ ಏಪ್ರಿಲ್ 1ರ ನಂತರ ತಯಾರಾದ ಕಾರುಗಳ ಮುಂಗಾಜಿನ ಒಳಬದಿಯಲ್ಲಿರುವ ನೋಂದಣಿ ಸ್ಟಿಕ್ಕರ್ ಅತಿಸುರಕ್ಷಿತ ನೋಂದಣಿ ಫಲಕದ ಭಾಗವೇ ಆಗಿದೆ, ಅದನ್ನು ಮುಟ್ಟುವಂತಿಲ್ಲ. ಅಲ್ಲಿಯೇ ಇರುವ ಫಾಸ್ಟ್ಯಾಗ್ ಕೂಡ ಕಿತ್ತರೆ ಮತ್ತೆ ಕೆಲಸಕ್ಕೆ ಬಾರದು.