ನೀಲಿ ಪರದೆಯಿಂದ ಆಚೆಗೆ: ಕೋಡ್ ಎಡಿಟರ್‌ಗಳ ಕಥೆ

ಕರ್ನಾಟಕದ ಕಾಲೇಜುಗಳಲ್ಲಿ ಕಂಪ್ಯೂಟರ್ ಓದಿದ ಅನೇಕರಿಗೆ ಟರ್ಬೊ ಸಿ ಎಂದರೆ ಲ್ಯಾಬಿನ ನೀಲಿ ಪರದೆ ನೆನಪಾಗುತ್ತದೆ. ಬೋರ್‌ಲ್ಯಾಂಡ್ ಕಂಪನಿ ಅದನ್ನು ತಂದದ್ದು 1987ರಲ್ಲಿ. ಕೋಡ್ ಬರೆಯುವ ಎಡಿಟರ್, ಅದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಎರಡೂ ಒಂದೇ ಕಡೆ ಸಿಗುತ್ತಿದ್ದವು. ಆದರೆ ಸಿ ಮುಗಿಸಿ ಜಾವಾ ಕಲಿಯಲು ಹೊರಟವರಿಗೆ ಆ ನೀಲಿ ಪರದೆ ಉಪಯೋಗಕ್ಕೆ ಬರಲಿಲ್ಲ.

ಈಗ ಒಂದು ಸಣ್ಣ ವೆಬ್‌ಸೈಟ್ ಮಾಡಲೂ ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್, ಪೈಥಾನ್ ಅಂತ ಎರಡು ಮೂರು ಭಾಷೆ ಬೇಕು. ಹಾಗಾದರೆ ಭಾಷೆಗೊಂದು ಎಡಿಟರ್ ಕಲಿಯಬೇಕೇ? ಉತ್ತರಕ್ಕೆ ನಾವು ಸ್ವಲ್ಪ ಹಿಂದೆ ಹೋಗೋಣ.

1976ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ವಿದ್ಯಾರ್ಥಿಯಾಗಿದ್ದ ಬಿಲ್ ಜಾಯ್ 'ವಿಐ' ಎಂಬ ಎಡಿಟರ್ ಬರೆದರು. ಅವರ ಬಳಿ ಇದ್ದದ್ದು ಸೆಕೆಂಡಿಗೆ ಸುಮಾರು 30 ಅಕ್ಷರ ಸಾಗಿಸುವ ಮೋಡೆಮ್. ಪರದೆ ಪೂರ್ತಿ ತುಂಬಲು ಒಂದು ನಿಮಿಷವೇ ಬೇಕು! ಅದಕ್ಕೇ ಒಂದೆರಡು ಕೀಲಿ ಒತ್ತಿದರೆ ಕೆಲಸ ಮುಗಿಯುವಂತೆ ಮಾಡಿದರು. ನೆಟ್‌ವರ್ಕ್ ಸಿಗದೆ ಒದ್ದಾಡುವ ನಮಗೆ ಈ ಕಷ್ಟ ಹೊಸದಲ್ಲ. ಅದೇ ವರ್ಷ ಎಂಐಟಿಯಲ್ಲಿ ರಿಚರ್ಡ್ ಸ್ಟಾಲ್ಮನ್ ಮತ್ತು ಗೆಳೆಯರು 'ಈಮ್ಯಾಕ್ಸ್' ಕಟ್ಟಿದರು. ಇವೆರಡೂ ಒಂದೇ ಭಾಷೆಗೆ ಕಟ್ಟುಬಿದ್ದವಲ್ಲ. ಅದಕ್ಕೇ ಇವುಗಳ ಪೀಳಿಗೆ ಇನ್ನೂ ಬದುಕಿದೆ.

ಆದರೂ ಒಂದು ತೊಡಕು ಉಳಿದಿತ್ತು. ತಪ್ಪು ತೋರಿಸುವ, ಮುಂದಿನ ಪದ ಸೂಚಿಸುವ ಸೌಲಭ್ಯವನ್ನು ಪ್ರತಿ ಎಡಿಟರ್‌ಗೂ ಪ್ರತಿ ಭಾಷೆಗೂ ಬೇರೆಬೇರೆಯಾಗಿ ಬರೆಯಬೇಕಿತ್ತು. 10 ಭಾಷೆ, 5 ಎಡಿಟರ್ ಇದ್ದರೆ 50 ಸಲದ ದುಡಿಮೆ. 2016ರಲ್ಲಿ ಮೈಕ್ರೋಸಾಫ್ಟ್, ರೆಡ್ ಹ್ಯಾಟ್, ಕೋಡೆನ್ವಿ ಕಂಪನಿಗಳು 'ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್' ಎಂಬ ಸಾಮಾನ್ಯ ನಿಯಮವನ್ನು ಮುಂದಿಟ್ಟವು. ಭಾಷೆಯ ಜ್ಞಾನ ಒಂದು ಕಡೆ, ಎಡಿಟರ್ ಇನ್ನೊಂದು ಕಡೆ; ಇಬ್ಬರೂ ಮಾತಾಡಲು ಒಂದೇ ನುಡಿ. 50ರ ಜಾಗದಲ್ಲಿ 15 ಸಾಕಾಯಿತು. ವಿಎಸ್ ಕೋಡ್, ನಿಯೋವಿಮ್, ಈಮ್ಯಾಕ್ಸ್ ಎಲ್ಲವೂ ಇವತ್ತು ಈ ನಿಯಮ ಬಳಸುತ್ತವೆ.

ಇಷ್ಟಾದರೂ ಎಡಿಟರ್ ಶಾಶ್ವತವಲ್ಲ. 2014ರಲ್ಲಿ ಗಿಟ್‌ಹಬ್ ತಂದ 'ಆಟಮ್' ಎಡಿಟರನ್ನು ಬಹಳ ಜನ ಮೆಚ್ಚಿ ಬಳಸಿದರು. 2022ರ ಡಿಸೆಂಬರ್‌ನಲ್ಲಿ ಕಂಪನಿಯೇ ಅದನ್ನು ನಿಲ್ಲಿಸಿತು. ಬಳಸುತ್ತಿದ್ದವರ ಕೈರೂಢಿ ಹೋಯಿತು, ಬರೆದ ಕೋಡ್ ಹೋಗಲಿಲ್ಲ. ಅದು ಯಾವ ಎಡಿಟರ್‌ನಲ್ಲೂ ತೆರೆಯುವ ಸಾದಾ ಪಠ್ಯ ತಾನೇ!

ಹಾಗಾಗಿ ಊರಿನಲ್ಲಿ ಹಳೆಯ ಲ್ಯಾಪ್‌ಟಾಪ್ ಹಿಡಿದು ಕಲಿಯುತ್ತಿರುವ ತಮ್ಮ, ತಂಗಿಯರಿಗೆ ನಾವು ಹೇಳುವುದಿಷ್ಟು. ಉಚಿತವಾದ, ನಿಮ್ಮ ಯಂತ್ರ ತಡೆದುಕೊಳ್ಳುವ, ಹಲವು ಭಾಷೆಗೆ ಒಗ್ಗುವ ಒಂದನ್ನು ಹಿಡಿಯಿರಿ. ಲ್ಯಾಪ್‌ಟಾಪ್ ಇಲ್ಲವೇ? ವಿಐನ ವಂಶದ 'ವಿಮ್' ಟರ್ಮಕ್ಸ್ ಆ್ಯಪ್ ಮೂಲಕ ಆಂಡ್ರಾಯ್ಡ್ ಫೋನಿನಲ್ಲೂ ನಡೆಯುತ್ತದೆ. ಎಡಿಟರ್ ನಾಳೆ ಬದಲಾಗಬಹುದು, ಕಲಿತ ಭಾಷೆ ನಿಮ್ಮ ಜೊತೆಗೇ ಇರುತ್ತದೆ.