ಇಬ್ಬರು ನಾಗವರ್ಮರು, ಇಬ್ಬರು ಜಗದೇಕಮಲ್ಲರು

ಹುಮನಾಬಾದ್ ತಾಲೂಕಿನ ಜಲಸಂಗಿಯ ದೇವಾಲಯದ ಹೊರಭಿತ್ತಿಯಲ್ಲಿ ಶಾಸನವನ್ನು ಬರೆಯುತ್ತಿರುವ ಶಿಲಾಬಾಲಿಕೆಯೊಬ್ಬಳಿದ್ದಾಳೆ. ಆಕೆಯ ಬರಹ ಚಾಳುಕ್ಯ ವಿಕ್ರಮಾದಿತ್ಯನ ಪ್ರಶಂಸೆ. ಆತನನ್ನು ಆರನೆಯವನೆಂದು (ಕ್ರಿ.ಶ. 1076–1126) ಎಣಿಸಿದವರು ಆಧುನಿಕ ಇತಿಹಾಸಕಾರರು, ಅಂದಿನವರು ಅರಸರನ್ನು ಗುರುತಿಸುತ್ತಿದ್ದುದು ಬಿರುದುಗಳಿಂದ. ಆದರೆ ಬಿರುದುಗಳೂ ಇಂದಿನ ಅಡ್ಡಹೆಸರುಗಳಂತೆ ಮನೆತನದಲ್ಲಿ ಹರಿದುಬರುತ್ತಿದ್ದವು. ತ್ರೈಲೋಕ್ಯಮಲ್ಲನೆಂಬುದು ಒಂದನೆಯ ಸೋಮೇಶ್ವರನಿಗೂ ಮೂರನೆಯ ತೈಲಪನಿಗೂ ಸಲ್ಲುತ್ತದೆ. ಜಗದೇಕಮಲ್ಲರೂ ಇಬ್ಬರು: ಸು. 1015ರಿಂದ 1042ರವರೆಗೆ ಆಳಿದ ಜಯಸಿಂಹ, ಮತ್ತು 1138ರಿಂದ 1151ರವರೆಗೆ ಕಲ್ಯಾಣದಲ್ಲಿ ಆಳಿದ ಇಮ್ಮಡಿ ಜಗದೇಕಮಲ್ಲ.

ಕನ್ನಡ ಹಸ್ತಪ್ರತಿಗಳ ಅಭ್ಯಾಸಿಗೆ ಇದು ಬರಿಯ ವಂಶಾವಳಿಯ ವಿಷಯವಲ್ಲ. 'ಕಾವ್ಯಾವಲೋಕನ', 'ಕರ್ಣಾಟಕ ಭಾಷಾಭೂಷಣ', 'ಅಭಿಧಾನವಸ್ತುಕೋಶ'ಗಳ ಕರ್ತೃವಾದ ನಾಗವರ್ಮನು ಜಗದೇಕಮಲ್ಲನಲ್ಲಿ ಕಟಕೋಪಾಧ್ಯಾಯನಾಗಿದ್ದನೆಂದು ಪರಂಪರೆ ಹೇಳುತ್ತದೆ. ಯಾವ ಜಗದೇಕಮಲ್ಲ? ತೊಡಕು ಇಷ್ಟಕ್ಕೇ ನಿಲ್ಲುವುದಿಲ್ಲ, ನಾಗವರ್ಮನೂ ಒಬ್ಬನಲ್ಲ. 'ಛಂದೋಂಬುಧಿ' ಮತ್ತು 'ಕರ್ಣಾಟಕ ಕಾದಂಬರಿ'ಗಳನ್ನು ರಚಿಸಿದವನು ಹತ್ತನೆಯ ಶತಮಾನದ ಕೊನೆಯವನು. ಕಿಟ್ಟೆಲ್ ಅವರು 'ಛಂದೋಂಬುಧಿ'ಯನ್ನು 1875ರಲ್ಲಿಯೂ, ರೈಸ್ ಅವರು 'ಭಾಷಾಭೂಷಣ'ವನ್ನು 1884ರಲ್ಲಿಯೂ ಪ್ರಕಟಿಸಿದಾಗ, ಛಂದಸ್ಸು, ವ್ಯಾಕರಣ, ಅಲಂಕಾರ, ನಿಘಂಟುಗಳೆಲ್ಲವೂ ಏಕವ್ಯಕ್ತಿಯ ಕೃತಿಗಳೆಂದು ಭಾವಿಸಲು ಎಡೆಯಿತ್ತು. ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ' ಇವರನ್ನು ಬೇರ್ಪಡಿಸಿ, ಎರಡನೆಯವನನ್ನು ಸು. 1145ರಲ್ಲಿರಿಸಿತು.

ಈ ನಿರ್ಣಯವು ಬಹುಕಾಲ ಮಾನ್ಯವಾಗಿದ್ದಿತು. ಆದರೆ ನಾಗವರ್ಮನದೇ ಆದ 'ವರ್ಧಮಾನಪುರಾಣ' ಬೆಳಕಿಗೆ ಬಂದ ಮೇಲೆ ಅದರ ಕಾಲವಾದ 1042 ಮೊದಲ ಜಗದೇಕಮಲ್ಲನ ಪಕ್ಷಕ್ಕೆ ಬಲವನ್ನಿತ್ತಿತು. ಪುರಾಣಕಾರನೂ ಶಾಸ್ತ್ರಕಾರನೂ ಒಬ್ಬನೇ ಎಂಬುದನ್ನು ಹೆಸರಿನ ಸಾಮ್ಯದಿಂದಲೇ ಸ್ಥಾಪಿಸಲಾಗದು, ನಿಜ; ಆದರೂ ಕಾಲ, ಹೆಸರು, ಬಿರುದುಗಳು ಒಂದೆಡೆ ಕೂಡುವುದನ್ನು ಆಕಸ್ಮಿಕವೆಂದು ತಳ್ಳಿಹಾಕುವುದು ಕಷ್ಟ. ನಮಗೆ 1042ರ ಪಕ್ಷವೇ ಹೆಚ್ಚು ಸಮಂಜಸವಾಗಿ ತೋರುತ್ತದೆ.

ಇದನ್ನೊಪ್ಪಿದರೆ ಕನ್ನಡ ಶಾಸ್ತ್ರಸಾಹಿತ್ಯದ ಕಾಲಾನುಕ್ರಮವೇ ಒಂದು ಶತಮಾನ ಹಿಂದಕ್ಕೆ ಸರಿಯುತ್ತದೆ. ಕೇಶಿರಾಜನ 'ಶಬ್ದಮಣಿದರ್ಪಣ'ಕ್ಕೂ 'ಭಾಷಾಭೂಷಣ'ಕ್ಕೂ ನಡುವಣ ಅಂತರ ಸುಮಾರು ಇನ್ನೂರು ವರ್ಷಗಳಾಗುತ್ತದೆ. ಬಸವಕಲ್ಯಾಣಕ್ಕೂ ಇದರಿಂದ ಒಂದು ನಷ್ಟವುಂಟು. ಕಲ್ಯಾಣವನ್ನು ರಾಜಧಾನಿಯನ್ನಾಗಿ ಮಾಡಿದವನು ಜಯಸಿಂಹನ ಮಗ ಒಂದನೆಯ ಸೋಮೇಶ್ವರ. ಆದುದರಿಂದ ವಿಜ್ಞಾನೇಶ್ವರ, ಬಿಲ್ಹಣರೊಡನೆ ನಾಗವರ್ಮನನ್ನೂ ಕಲ್ಯಾಣದ ಆಸ್ಥಾನಕ್ಕೆ ಸೇರಿಸುವ ರೂಢಿಯನ್ನು ಕೈಬಿಡಬೇಕಾಗುತ್ತದೆ. ಕಟಕವೆಂದರೆ ದಂಡಿನ ಬೀಡು. ಅದು ಅರಸನೊಡನೆ ಊರಿಂದೂರಿಗೆ ಸಾಗುತ್ತಿದ್ದಿತು.