ಶರಣರ ನುಡಿಯೂ ಜನರ ವಿಚಾರವೂ

ಜನರು ನಿತ್ಯವೂ ಬಳಸುವ ಶಬ್ದಗಳು ಎಂತಹವೋ ಅವರ ಆಲೋಚನೆಯೂ ಬಹುಮಟ್ಟಿಗೆ ಅಂತಹದೇ ಆಗುವುದು. ಇದಕ್ಕೆ ೧೨ನೆಯ ಶತಮಾನದ ಕಲ್ಯಾಣಕ್ಕಿಂತ ಸ್ಪಷ್ಟವಾದ ನಿದರ್ಶನವು ಕನ್ನಡನಾಡಿನ ಇತಿಹಾಸದಲ್ಲಿ ದೊರೆಯುವುದು ದುರ್ಲಭ.

ಅದಕ್ಕೆ ಮುಂಚೆ ಕನ್ನಡದಲ್ಲಿ ಗ್ರಂಥಗಳಿರಲಿಲ್ಲವೆಂದಲ್ಲ. ೯ನೆಯ ಶತಮಾನದಲ್ಲಿ ಕವಿರಾಜಮಾರ್ಗವೂ ೧೦ನೆಯ ಶತಮಾನದಲ್ಲಿ ಪಂಪ ರನ್ನರ ಕಾವ್ಯಗಳೂ ಹುಟ್ಟಿದ್ದವು. ಆದರೆ ಆ ಚಂಪೂಕಾವ್ಯಗಳಿಗೆ ಮನ್ನಣೆಯು ಆಸ್ಥಾನಗಳಲ್ಲಿಯೂ ಪಂಡಿತರ ಗೋಷ್ಠಿಗಳಲ್ಲಿಯೂ ದೊರೆಯುತ್ತಿದ್ದಿತು. ತತ್ತ್ವವಿಚಾರವಾದರೋ ಹೆಚ್ಚಾಗಿ ಸಂಸ್ಕೃತದಲ್ಲಿಯೇ ನಡೆಯುತ್ತಿದ್ದಿತು. ಆ ಭಾಷೆಯನ್ನು ಕಲಿಯಲು ಅವಕಾಶವಿಲ್ಲದವರು ತಮ್ಮ ಸಂಶಯವನ್ನು ಕೇಳುವುದಕ್ಕೂ ಶಬ್ದವಿಲ್ಲದೆ ಸುಮ್ಮನಿರಬೇಕಾಗಿದ್ದಿತು.

ಬಸವಣ್ಣನವರೂ ಅವರ ಕಾಲದ ಶರಣರೂ ಆಡುಮಾತನ್ನೇ ಅನುಭಾವದ ಭಾಷೆಯನ್ನಾಗಿ ಮಾಡಿದರು. ಹೊಳೆ ದಾಟಿಸುವ ಅಂಬಿಗರ ಚೌಡಯ್ಯನವರೂ, ಬಟ್ಟೆ ಮಡಿಮಾಡುವ ಮಡಿವಾಳ ಮಾಚಯ್ಯನವರೂ, ಅಕ್ಕಿಯನ್ನು ಆಯುವ ಕಾಯಕದ ಮನೆಯ ಲಕ್ಕಮ್ಮನವರೂ ತಂತಮ್ಮ ಮಾತಿನಲ್ಲಿಯೇ ತತ್ತ್ವವನ್ನಾಡಿದರು. ವಚನಗಳನ್ನು ರಚಿಸಿದ ಶರಣೆಯರೇ ಮೂವತ್ತಕ್ಕೂ ಮಿಕ್ಕಿರುವರು.

ಶರಣರು ಕೆಲವು ಶಬ್ದಗಳ ಅರ್ಥವನ್ನೇ ಹಿಗ್ಗಿಸಿದರು. ಪ್ರತಿಯೊಂದು ಕಸುಬಿಗೂ ಮೇಲುಕೀಳಿನ ಮುದ್ರೆಯಿದ್ದ ಕಾಲದಲ್ಲಿ ‘ಕಾಯಕ’ವೆಂಬ ಒಂದೇ ಶಬ್ದದೊಳಗೆ ಅರಮನೆಯ ಭಂಡಾರಿಯ ಕೆಲಸವೂ ಸಮಗಾರನ ಕೆಲಸವೂ ಸೇರಿದವು. ಎರಡಕ್ಕೂ ಹೆಸರು ಒಂದೇ ಆದ ಬಳಿಕ ಒಂದನ್ನು ಹೀನವೆಂದು ಎಣಿಸುವುದು ಕಷ್ಟವಾಯಿತು. ಅಂತೆಯೇ ‘ಸೋಹಂ’ ಎಂದರೆ ‘ಅವನೇ ನಾನು’ ಎಂಬುದು ಹಳೆಯ ಮಾತು. ಇದಕ್ಕೆ ಪ್ರತಿಯಾಗಿ ಶರಣರು ‘ದಾಸನು ನಾನು’ ಎಂಬರ್ಥದ ‘ದಾಸೋಹಂ’ ಎಂಬುದನ್ನು ಎತ್ತಿಹಿಡಿದರು. ಮುಂದೆ ಒಂದಕ್ಷರವು ಸೇರಿದುದರಿಂದ ಅಹಂಭಾವಕ್ಕೆ ಎಡೆಗೊಡಬಹುದಾದ ಮಾತು ಸೇವೆಯ ಮಾತಾಯಿತು. ಗಳಿಸಿದುದನ್ನು ಹಂಚಿ ಉಣ್ಣುವ ಆಚಾರಕ್ಕೆ ಅದೇ ಹೆಸರಾಯಿತು.

ಕ್ರಿ. ಶ. ೧೧೬೭ರ ಸುಮಾರಿನ ಕ್ಷೋಭೆಯಲ್ಲಿ ಶರಣರು ಕಲ್ಯಾಣದಿಂದ ಚದರಿದರು. ಆದರೂ ನುಡಿಯು ಅಳಿಯಲಿಲ್ಲ. ೧೫ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ವಚನಗಳನ್ನು ಸಂವಾದರೂಪವಾಗಿ ಹೊಂದಿಸಿ ಶೂನ್ಯಸಂಪಾದನೆಯನ್ನು ರಚಿಸಿದರು. ಗುರುವಿಗೂ ಪ್ರಶ್ನೆ ಹಾಕಬಹುದೆಂಬ ಶರಣರ ರೀತಿಯು ಆ ಗ್ರಂಥದ ಕಟ್ಟಿನಲ್ಲಿಯೇ ಉಳಿದಿರುವುದು. ಮಠಗಳಲ್ಲಿಯೂ ಮನೆಗಳಲ್ಲಿಯೂ ಓಲೆಗರಿಗಳಲ್ಲಿ ಅಡಗಿದ್ದ ವಚನಗಳನ್ನು ವಿಜಾಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಅರಸಿ ತಂದು ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಪ್ರಕಟಿಸಿದರು, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು.

ಓಲೆಗರಿಗೆ ಹುಳು ಹತ್ತುವಂತೆ ಶಬ್ದಕ್ಕೂ ಹತ್ತುವುದುಂಟು. ದಾಸೋಹವೆಂದರೆ ಪಂಕ್ತಿಯ ಊಟವೆಂದೂ, ಕಾಯಕವೆಂದರೆ ಹೊಟ್ಟೆಯ ಪಾಡೆಂದೂ ತಿಳಿದಾಗ ಶಬ್ದವು ನಾಲಗೆಯ ಮೇಲೆ ಉಳಿದರೂ ಅದು ಹುಟ್ಟಿಸಿದ ವಿಚಾರವು ಮರೆಯಾಗುವುದು. ಗರಿಗಳನ್ನು ಕಾಪಾಡಿದ ಭಕ್ತರ ಸಂತತಿಯವರು ಅರ್ಥವನ್ನೂ ಕಾಪಾಡಬೇಕಾಗಿರುವುದು. ಪ್ರಸಾದದ ಪಂಕ್ತಿಯಲ್ಲಿ ಕುಳಿತಾಗ ಪಕ್ಕದವನ ಕಸುಬನ್ನು ಕೇಳದಿರುವುದೇ ಅದರ ಮೊದಲು.